ತಬಿಥಾ ನಮಲ್ವಾಳಿಗೆ ಬಂದ ಪ್ರಾರ್ಥನೆಯ ಪತ್ರಗಳು

ಕಿಮಿಲಿಲಿ ಪೇಟೆಯಲ್ಲಿ ತಬಿಥಾ ನಮಲ್ವಾಳ ಹೊಲಿಗೆ ಅಂಗಡಿ, ಪಕ್ಕದಲ್ಲೇ ನನ್ನ ತರಕಾರಿ ಅಂಗಡಿ. ಹನ್ನೊಂದು ವರ್ಷ ಅವಳು ಎಲ್ಡೊರೆಟ್‌ನ ಒಂದು ಮಿಷನ್ನಿನ ಅನಾಥ ಮಕ್ಕಳಿಗೆ ಸಮವಸ್ತ್ರ ಹೊಲಿದು ಕಳಿಸಿದಳು. ಗಿರಾಕಿಗಳ ಬಟ್ಟೆ ತಡವಾದರೂ ಸರಿ, ಜನವರಿಯಲ್ಲಿ ಶಾಲೆ ಶುರುವಾಗುವ ಮುಂಚೆ ಆ ಮೂಟೆ ಬಸ್ಸು ಹತ್ತಲೇಬೇಕು.

ಮಿಷನ್ನಿನ ಪಾಸ್ಟರ್ ಚೆರುಯೋಟ್ ಅವರಿಂದ ತಿಂಗಳಿಗೊಂದು ಪತ್ರ ಬರುತ್ತಿತ್ತು. ‘ಪ್ರೀತಿಯ ತಬಿಥಾ, ಇಂದು ಬೆಳಿಗ್ಗೆ ಮೊಣಕಾಲೂರಿ ನಿನ್ನ ಹೆಸರನ್ನೂ ನಿನ್ನ ಗಂಡ ಮಸಿಂದೆಯ ಹೆಸರನ್ನೂ ದೇವರಿಗೆ ಹೇಳಿದೆ.’ ಗಂಡನಿಗೆ ಕಾಯಿಲೆ ಜೋರಾದ ಮೇಲೆ ಅವಳು ಪತ್ರವನ್ನು ಅವನ ಹಾಸಿಗೆಯ ಪಕ್ಕ ಕೂತು ಓದುತ್ತಿದ್ದಳು.

ಮಾರ್ಚಿನಲ್ಲಿ ಮಸಿಂದೆ ತೀರಿಕೊಂಡ. ಅವಳೇ ಮಿಷನ್ ಕಚೇರಿಗೆ ಫೋನು ಮಾಡಿ ತಿಳಿಸಿದಳು. ಮಣ್ಣಿಗೆ ಅಲ್ಲಿಂದ ಯಾರೂ ಬರಲಿಲ್ಲ. “ದೂರ ಅಲ್ವೇನೇ,” ಎಂದು ಅವರ ಪರವಾಗಿ ನನಗೇ ಸಮಾಧಾನ ಹೇಳಿದಳು.

ಮುಂದಿನ ತಿಂಗಳು ಪತ್ರವಿರಲಿಲ್ಲ, ಎರಡು ತಿಂಗಳಿಗೆ ಮತ್ತೊಂದು ಬಂತು. ‘ಇಂದು ಬೆಳಿಗ್ಗೆ ಮಸಿಂದೆಯ ಆರೋಗ್ಯಕ್ಕಾಗಿ ಮೊಣಕಾಲೂರಿದೆ. ಈ ವರ್ಷ ಸ್ವೆಟರುಗಳೂ ಬೇಕಾಗಿವೆ.’

ನಮಲ್ವಾ ಎರಡು ಸಲ ಓದಿದಳು. ಮೆಷಿನ್ನಿಗೆ ಬಟ್ಟೆ ಹೊದಿಸಿ, “ನನ್ ಜೊತೆ ಎಲ್ಡೊರೆಟ್‌ಗೆ ಬರ್ತೀಯಾ?” ಎಂದಳು.

ಮಿಷನ್ ಕಚೇರಿಯ ಹುಡುಗಿ ಪತ್ರ ನೋಡಿ ನಕ್ಕಳು. “ಇದನ್ನ ಕಂಪ್ಯೂಟರ್ ಬರೆಯೋದು ಅಮ್ಮಾ. ಎಲ್ರಿಗೂ ಇದೇ, ಹೆಸರು ಮಾತ್ರ ಬೇರೆ.”

ಅಷ್ಟರಲ್ಲಿ ಪಾಸ್ಟರ್ ಹೊರಬಂದು ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡರು. “ಬನ್ನಿ ಅಮ್ಮಾ, ಯಾವ ಚರ್ಚಿನವರು ನೀವು?”

“ನಾನು ತಬಿಥಾ ನಮಲ್ವಾ,” ಎಂದು ಹೇಳಿ ಅವಳು ಕಾದಳು. ಅವರು ಹೆಸರಿನ ಗುರುತು ಹತ್ತದೆ ನಗುತ್ತಲೇ ಕುರ್ಚಿ ತೋರಿಸಿದರು.

“ಮೊಣಕಾಲೂರಿದ್ದು ಯಾವತ್ತು ಬೆಳಿಗ್ಗೆ ಪಾಸ್ಟರೇ? ನನ್ ಗಂಡ ಮಣ್ಣಾಗಿ ಎರಡು ತಿಂಗ್ಳಾಯ್ತು.”

ಪತ್ರ ಓದಿದ ಅವರ ಮುಖ ಇಳಿದುಹೋಯಿತು. “ತಪ್ಪಾಯ್ತು ಅಮ್ಮಾ. ನಾವು ಎಲ್ಲರಿಗೂ ಒಟ್ಟಾಗಿ ಪ್ರಾರ್ಥನೆ ಮಾಡ್ತೀವಿ. ಹೀಗೆ ಬರೆದ್ರೆ ಕೊಡೋರಿಗೆ ಹತ್ತಿರ ಅನ್ಸುತ್ತೆ ಅಂತ...”

“ಒಟ್ಟಾಗಿ ಅಂತಲೇ ಬರೀಬಹುದಿತ್ತಲ್ಲ. ನಾನೇನು ಹೊಲಿಯಲ್ಲ ಅಂತಿದ್ನಾ?”

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಕಡೆ ತಿರುಗಿದಳು. “ಸಾಯೋ ಹಿಂದಿನ ದಿನಾನೂ ನಮ್ಮನೆಯವ್ರಿಗೆ ಆ ಪತ್ರ ಓದಿ ಹೇಳ್ದೆ ಕಣೇ. ನನ್ ಬಾಯಲ್ಲೇ ಸುಳ್ಳು ಹೇಳಿಸಿದ್ರಲ್ಲ.”

ಆಗಸ್ಟಿನಲ್ಲಿ ಪಾಸ್ಟರ್ ಅವಳ ಮನೆಗೇ ಬಂದರು. ಆ ಪತ್ರಗಳನ್ನು ನಿಲ್ಲಿಸಿದ್ದೇವೆ, ಇನ್ನು ಮೇಲೆ ಕೊಡುವವರ ಮನೆಗಳಿಗೆ ನಾವೇ ಹೋಗುತ್ತೇವೆ, ಅವರ ಕಷ್ಟಸುಖ ಕೇಳುತ್ತೇವೆ ಎಂದರು. ನಮಲ್ವಾ ಚಹಾ ಕೊಟ್ಟಳು, ಬೇಯಿಸಿದ ಗೆಣಸು ಕೊಟ್ಟಳು. ಅವರು ಪ್ರಾರ್ಥನೆ ಮಾಡಿದಾಗ ಮಾತ್ರ ಅವಳು ಕಣ್ಣು ಮುಚ್ಚಲಿಲ್ಲ.

“ಮಕ್ಕಳೇನು ತಪ್ಪು ಮಾಡಿದ್ವು?” ಎಂದು ಆ ಜನವರಿಗೂ ಸಮವಸ್ತ್ರ ಹೊಲಿದು ಕಳಿಸಿದಳು. ಅದೇ ಕೊನೆ. ಆಮೇಲೆ ಇಟ್ಟಿಗೆ ಗೂಡಿನಲ್ಲಿ ದುಡಿಯುವ ವಿಧವೆಯೊಬ್ಬಳ ಮೂವರು ಮಕ್ಕಳನ್ನು ಅಂಗಡಿಗೇ ಕರೆದು ಸಮವಸ್ತ್ರಕ್ಕೆ ಅಳತೆ ತೆಗೆದುಕೊಳ್ಳತೊಡಗಿದಳು.

ದಾನಿಗಳ ಮಾತು ಕೇಳಲು ಮಿಷನ್ನಿನವರು ಸಭೆ ಕರೆದರು. ಅವಳನ್ನು ಕರೆಯಲು ಜನರನ್ನೂ ಕಳಿಸಿದರು. “ಕೈತುಂಬ ಕೆಲಸ ಇದೆ ಅಂತ ಹೇಳು,” ಎಂದು ನನ್ನನ್ನು ಮುಂದೆ ಕಳಿಸಿ ಒಳಗೇ ಕೂತಳು. ನಾನು ಹಾಗೇ ಹೇಳಿದೆ. ಆವತ್ತು ಅವಳಿಗೆ ಒಂದು ಕುಪ್ಪಸ ಹೊಲಿಯುವ ಕೆಲಸವೂ ಇರಲಿಲ್ಲ.