ಕೊಕ್ಕನೂರು ಎಂದರೆ ನಾನೇ

ನಮ್ಮ ಕಡೆ ಎಲ್ಲರ ಹೆಸರಿಗೂ ಒಂದು ಇನಿಷಿಯಲ್ ಅಂಟಿಕೊಂಡಿರುತ್ತದೆ. ನನ್ನದು ‘ಕೆ’. ಕೆ ಎಂದರೆ ಕೊಕ್ಕನೂರು, ಹರಿಹರ ತಾಲ್ಲೂಕಿನ ನಮ್ಮ ಹಳ್ಳಿ. ಹತ್ತನೇ ವಯಸ್ಸಿಗೇ ಅದನ್ನು ಬಿಟ್ಟು ದಾವಣಗೆರೆಗೆ ಬಂದವನು ನಾನು. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟು ಇಷ್ಟು ವರ್ಷವಾದರೂ ಆ ‘ಕೆ’ ಏನೆಂದು ಒಬ್ಬ ಗಿರಾಕಿಯೂ ಕೇಳಿರಲಿಲ್ಲ. ಕೇಳಿದ್ದು ಕಿರ್ಗಿಸ್ತಾನದ ಒಂದು ಸಣ್ಣ ಪಟ್ಟಣದ ಆಡಳಿತ ಕಚೇರಿ.

ಮಗಳು ಅಲ್ಲಿ ಎಂಬಿಬಿಎಸ್ ಕೊನೇ ವರ್ಷದಲ್ಲಿದ್ದಳು. ಅಲ್ಲಿ ಉಳಿಯಲು ವರ್ಷವರ್ಷವೂ ನೋಂದಣಿ ಆಗಬೇಕು. ಆ ಸಲ ಕಚೇರಿಗೆ ಹೊಸದಾಗಿ ಬಂದಿದ್ದ ಹೆಂಗಸು ಪಾಸ್‌ಪೋರ್ಟ್ ತಿರುವಿ ನೋಡಿ ತಡೆದಳು. ಮಗಳ ಅಡ್ಡಹೆಸರು ಕೊಕ್ಕನೂರು, ಅಪ್ಪನದು ಬರೀ ಕೆ. ಇವರು ತಂದೆ ಮಗಳು ಹೇಗೆ? ಎರಡೂ ಒಂದೇ ಎಂದು ಆರು ದಿನದಲ್ಲಿ ನಮ್ಮೂರ ಕಡೆಯಿಂದ ಕಾಗದ ಬರದಿದ್ದರೆ ಹುಡುಗಿ ದೇಶ ಬಿಡಬೇಕು, ಪರೀಕ್ಷೆ ಹೋದಂತೆಯೇ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾಲಿ ಜಾಗ ಕಂಡು ಊರಿನ ಹೆಸರು ತುಂಬಿಸಿದ್ದ ಜಾಣ ನಾನೇ. ಮಾಡಿದ್ದುಣ್ಣೋ ಮಹರಾಯ.

ಹರಿಹರಕ್ಕೆ ಓಡಿದೆ. ಅಲ್ಲಿನ ಒಂದು ಕಚೇರಿಯ ಗುಮಾಸ್ತ ತಲೆಯನ್ನೇ ಎತ್ತಲಿಲ್ಲ.

“ಊರ್ ಹೆಸ್ರೇ ಅಡ್ಡಹೆಸ್ರು ಅಂತ ಬರಿಯಾಕೆ ಫಾರ್ಮ್ಯಾಟ್ ಇಲ್ರಿ. ಎರಡೂ ಹೆಸ್ರು ಒಬ್ರದ್ದೇ ಅಂತ ಅಫಿಡವಿಟ್ ಮಾಡಿಸ್ಕಂಡ್ ಬರ್ರಿ.”

“ನನ್ ಮಗಳು ಫಾರ್ಮ್ಯಾಟ್ ನೋಡ್ಕಂಡ್ ಹುಟ್ಟಿಲ್ರಿ!”

“ಸಿಟ್ಟು ಬ್ಯಾಡ್ರಿ, ಕೂಡ್ರಿ” ಎಂದು ಅವನು ಚಹಾಕ್ಕೆ ಎದ್ದುಹೋದ.

ಕಿರ್ಗಿಸ್ತಾನದ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ಅವರು ಊಟ ಮುಗಿಸಿ ಬರುವ ಹೊತ್ತಿಗೆ ಇವರು ಊಟಕ್ಕೆ ಏಳುತ್ತಿದ್ದರು. ಎರಡು ದೇಶದವರ ಊಟದ ನಡುವೆ ನಾನು ಉಪವಾಸ. ಮೂರು ದಿನ ಹೀಗೇ ಹೋಯಿತು.

ನಾಲ್ಕನೇ ದಿನ ಕಚೇರಿ ಎದುರಿನ ಟೈಪಿಸ್ಟ್ ತನ್ನ ಮಾಮೂಲಿ ನಮೂನೆಯಲ್ಲಿ ಹೆಸರು ಕೂರಿಸಿ, ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಕೊಟ್ಟ. ನೋಟರಿಯ ಸೀಲೂ ಬಿತ್ತು. ಓದುವ ವ್ಯವಧಾನವಿಲ್ಲದೆ ಫೋಟೊ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಆ ಪಟ್ಟಣದ ಕಚೇರಿಯಿಂದಲೇ ಮಗಳ ವಿಡಿಯೊ ಕಾಲ್ ಬಂತು.

“ಅಪ್ಪಾಜಿ, ಓದಿ ನೋಡಿದ್ರಾ? ‘ಕೊಕ್ಕನೂರು ಗ್ರಾಮ ಮತ್ತು ನಾನು ಒಬ್ಬನೇ ವ್ಯಕ್ತಿ’ ಅಂತ ಐತೆ!”

ಮೈಯೆಲ್ಲಾ ಉರಿದುಹೋಯಿತು. ಟೈಪಿಸ್ಟನನ್ನು ಬೈಯಲೋ ನನ್ನನ್ನೇ ಬೈದುಕೊಳ್ಳಲೋ ತಿಳಿಯಲಿಲ್ಲ. ಅಷ್ಟರಲ್ಲಿ ಫೋನಿನೊಳಗೆ ನಗು ಕೇಳಿಸಿತು. ಆ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಕ್ಕು ಮುಗಿದ ಮೇಲೆ ಮಗಳಿಗೆ ಏನೋ ಹೇಳಿದಳು.

“ಕೆ ಅಂದ್ರೆ ಊರು ಅಂತ ಈಗ ಗೊತ್ತಾತಂತೆ, ಅಪ್ಪಾಜಿ. ಸೀಲ್ ಹಾಕ್ತಾರಂತೆ. ಆದ್ರೆ ನಾನು ನಮ್ಮೂರಿನ ಬಗ್ಗೆ ಏನಾರ ಹೇಳ್ಬೇಕಂತೆ. ಇಲ್ಲೆಲ್ಲಾ ಏಳು ತಲೆಮಾರಿನ ಹೆಸ್ರು ಬಾಯಿಪಾಠ ಇರ್ತಾವೆ. ನಾನೇನ್ ಹೇಳ್ಲಿ?”

ಬಾಯಿಗೆ ಬಂದಷ್ಟು ಹೇಳಿಕೊಟ್ಟೆ. ಚಾನಲ್ ನೀರು, ಭತ್ತದ ಗದ್ದೆ, ಹನುಮಪ್ಪನ ಗುಡಿ, ಗದ್ದೆಯಲ್ಲಿ ಹಕ್ಕಿ ಓಡಿಸುತ್ತಲೇ ನನ್ನನ್ನೂ ಬೈಯುತ್ತಿದ್ದ ಅಜ್ಜಿ. ಮಗಳು ಒಂದೊಂದನ್ನೂ ಅವರ ಭಾಷೆಗೆ ತಿರುಗಿಸಿದಳು. ಹೆಂಗಸು ತಲೆಯಾಡಿಸುತ್ತಾ ಕೇಳಿ, ಸೀಲ್ ಒತ್ತಿದಳು. ನನಗೆ ಉಸಿರು ಬಂತು.

ಮಗಳು ಮಾತ್ರ ಫೋನ್ ಇಡಲಿಲ್ಲ. “ಅಪ್ಪಾಜಿ, ನಂಗೆ ಇಪ್ಪತ್ಮೂರು ವರ್ಷ ಆತು. ಇದನ್ನೆಲ್ಲಾ ಒಂದ್ಸಲನೂ ಯಾಕ ತೋರ್ಸಿಲ್ಲ?”

ಬಂದ ಕೂಡಲೇ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಅಲ್ಲಿ ನಮ್ಮ ಮನೆ ಯಾವ ಓಣಿಯಲ್ಲಿತ್ತೋ, ಈಗ ನಾನೂ ಯಾರನ್ನಾದರೂ ಕೇಳಬೇಕು.