ಹೊಸ ಎಂಜಿನ್ನನ್ನು ಮಾಸಿಸಿದವಳು

ಅನುರಾಧಾಳಿಗೆ ಜಗತ್ತಿನಲ್ಲಿ ಮೆಚ್ಚುವಂಥದ್ದು ಬಹಳ ಇರಲಿಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವಳ ಬ್ಯೂಟಿ ಪಾರ್ಲರು. ಮನೆಯ ಪಡಸಾಲೆಗೆ ನಡುವೆ ಪರದೆ ಎಳೆದು ಮಾಡಿಕೊಂಡದ್ದು. ಅಲ್ಲಿಗೆ ಬರುವ ಹುಡುಗಿಯರು ಕನ್ನಡಿ ಮುಂದೆ ಕೂತು, "ಅಕ್ಕಾ, ಸ್ವಲ್ಪ ಬೆಳ್ಳಗ ಕಾಣೂಹಂಗ ಮಾಡ್ರಿ" ಅಂದ ಕೂಡಲೇ ಅವಳಿಗೆ ಒಳಗೊಳಗೇ ತಾತ್ಸಾರ ಏಳುತ್ತಿತ್ತು. ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ ಮಾಡಿಕೊಂಡು ಹಂದರದಲ್ಲಿ ಕೂರುವ ಮದುಮಗಳನ್ನು ಕಂಡರೆ ಅರ್ಧ ಸುಣ್ಣ ಬಳಿದು ಬಿಟ್ಟ ಗೋಡೆ ಕಂಡಂತಾಗುತ್ತದೆ ಅನ್ನುತ್ತಿದ್ದಳು. ಎದುರಿಗಲ್ಲ, ಅವರು ಎದ್ದು ಹೋದ ಮೇಲೆ. ಎದುರಿಗೆ ಹೂಂ ಅಂದು, ಅವರಿಗೆ ತಿಳಿಯದ ಹಾಗೆ ಬಣ್ಣವನ್ನು ಕುತ್ತಿಗೆಗೆ, ಕಿವಿಯ ಹಿಂದಕ್ಕೆ ಇಳಿಸಿ, ಅಂಚು ಅಳಿಸಿ, ಅವರದೇ ಮುಖವನ್ನು ಸ್ವಲ್ಪ ತಿದ್ದಿ ಕಳಿಸುತ್ತಿದ್ದಳು. ಅವರು ಬೆಳ್ಳಗಾದೆವೆಂದು ಹಿಗ್ಗಿ ಹೋಗುತ್ತಿದ್ದರು. ತಾತ್ಸಾರಕ್ಕೆ ಅದು ಮತ್ತೊಂದು ಕಾರಣ.

ತವರು ಬಬಲೇಶ್ವರ. ಅಪ್ಪ ಸಂತೆಯಲ್ಲಿ ಬಳೆ, ಕುಂಕುಮ, ಸ್ನೋ, ಪೌಡರು ಹರವಿ ಕೂರುವವನು. ಸಣ್ಣವಳಿದ್ದಾಗಲೇ ಅವಳು ಅಪ್ಪನ ಪಕ್ಕ ಕೂತು, ಬಳೆ ಆರಿಸುವ ಹೆಂಗಸರ ಕೈ ನೋಡಿ, ಸೀರೆ ನೋಡಿ, "ಇದು ನಿಮಗ ಒಪ್ಪಂಗಿಲ್ಲ" ಅಂದುಬಿಡುತ್ತಿದ್ದಳು. ಅವಳು ಹೇಳಿದ್ದು ಸುಳ್ಳಾಗುತ್ತಿರಲಿಲ್ಲ, ಆದರೆ ಗಿರಾಕಿ ನಿಲ್ಲುತ್ತಿರಲಿಲ್ಲ. ಕಡೆಗೆ ಅಪ್ಪ ಅವಳನ್ನು ಸಂತೆಗೆ ಕರೆದೊಯ್ಯುವುದನ್ನೇ ಬಿಟ್ಟ.

ಗಂಡ ಸಿದ್ದಲಿಂಗೇಶನದು ಅಪ್ಪನಿಂದ ಬಂದ ಬಟ್ಟೆ ಅಂಗಡಿ. ಬೈದರೂ ನಗುವ ಮನುಷ್ಯ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ ಫೋನು ಹಿಡಿದು ಕೂತವನಿಗೆ ರೈಲಿನ ಹುಚ್ಚು ಹಿಡಿಯಿತು. ಖರೇ ರೈಲಲ್ಲ, ಗೇಣುದ್ದದ ಮಾದರಿ ಎಂಜಿನ್ನುಗಳದು. ಅಂಗಡಿ ಮತ್ತೆ ತೆರೆಯಿತು, ಹುಚ್ಚು ಮಾತ್ರ ಬಿಡಲಿಲ್ಲ. ಹುಬ್ಬಳ್ಳಿಯವರು, ಸೊಲ್ಲಾಪುರದವರು ಸೇರಿದ ಒಂದು ಗುಂಪು ಫೋನಿನಲ್ಲೇ ಕೂಡಿತ್ತು. ಮಗ್ಗಲಿನ ಊರು ತಿಕೋಟಾದಲ್ಲಿ ದ್ರಾಕ್ಷಿ ವ್ಯಾಪಾರದ ಬಸಗೊಂಡಪ್ಪ ಅದರಲ್ಲಿ ದೊಡ್ಡ ಕುಳ. ಆತ ಒಣದ್ರಾಕ್ಷಿ ಇಡುವ ಕೋಣೆಯೊಂದನ್ನು ಖಾಲಿ ಮಾಡಿಸಿ, ಮೇಜು ಜೋಡಿಸಿ, ಅದರ ಮೇಲೆ ಹಳಿ, ಗುಡ್ಡ, ಸ್ಟೇಶನ್ ಎಲ್ಲ ಮಾಡಿಟ್ಟಿದ್ದ.

ಒಂದು ಮಧ್ಯಾಹ್ನ ಸಿದ್ದಲಿಂಗೇಶ ಪಾರ್ಸಲ್ ಬಿಚ್ಚಿ ಹೊಚ್ಚ ಹೊಸ ಎಂಜಿನ್ನು ಹೊರತೆಗೆದ. ಕಣ್ಣು ಕೋರೈಸುವ ಹಾಗೆ ಮಿಂಚುತ್ತಿತ್ತು. ಅದನ್ನು ಎರಡು ಸಲ ತಿರುಗಿಸಿ ನೋಡಿದವನು ಅಡುಗೆಮನೆಯ ಒಂದು ಡಬ್ಬಿಯಲ್ಲಿ ಸ್ಪಿರಿಟ್ ಸುರಿದು, ಮೇಲಿನ ಹೊದಿಕೆ ಕಳಚಿ ಅದರಲ್ಲಿ ಅದ್ದಿ, ಹಲ್ಲುಜ್ಜುವ ಬ್ರಶ್ಶಿನಿಂದ ಬಣ್ಣ ತಿಕ್ಕಲು ಕೂತ.

"ಏನ್ರಿ ಇದು?" ಅಂದಳು ಅನುರಾಧಾ. "ಹೊಸಾದು ತರಿಸೂದು, ಆಮ್ಯಾಲ ಕೆಡಸೂದು?"

"ಕೆಡಸೂದಲ್ಲ ಅನು. ಮೊದಲ ಖರೇ ಎಂಜಿನ್ನಿನ ಬಣ್ಣ ಹಚ್ಚೂದು, ಆಮ್ಯಾಲ ವೆದರಿಂಗ್ ಮಾಡೂದು. ಅಂದ್ರ ಬಿಸಲು, ಮಳಿ, ಹೊಗಿ ಎಲ್ಲಾ ತಿಂದಂಗ ಕಾಣಬೇಕು."

"ಹಂಗಾರ ಮಾಳಗಿ ಮ್ಯಾಲ ಬಿಸಲಿಗೆ ಇಟ್ಟುಬಿಡ್ರಿ. ತಾನ ಆಗತೈತಿ."

ಒಳಗೆ ಕಾಳು ಹಸನು ಮಾಡುತ್ತಿದ್ದ ಅತ್ತೆ ಗೌರಾಬಾಯಿ ತಲೆ ಎತ್ತದೆ ಹೇಳಿದಳು, "ಸಣ್ಣಾಂವ ಇದ್ದಾಗ ಆಟದ ಸಾಮಾನ ಮುರೀತಿದ್ದ. ಈಗ ಬರೇ ಹೊಲಸ ಮಾಡತಾನ. ಸುಧಾರಿಸ್ಯಾನ ಬಿಡು."

ಆ ಎಂಜಿನ್ನು ಬಸಗೊಂಡಪ್ಪನದು. ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಗುಂಪಿನವರೆಲ್ಲ ತಿಕೋಟಾಕ್ಕೆ ಬರುವವರಿದ್ದರು. ಅಷ್ಟರೊಳಗೆ, ವಿಜಯಪುರ ಸ್ಟೇಶನ್ನಿಗೆ ಗೂಡ್ಸ್ ಎಳೆದುಕೊಂಡು ಬರುವ ಒಂದು ಕೇಸರಿ ಬಣ್ಣದ ಡೀಸೆಲ್ ಎಂಜಿನ್ನಿನ ಹಾಗೆಯೇ ಇದನ್ನು ಮಾಡಿಕೊಡುತ್ತೇನೆಂದು ಸಿದ್ದಲಿಂಗೇಶ ಮಾತು ಕೊಟ್ಟುಬಿಟ್ಟಿದ್ದ. ಇಷ್ಟಕ್ಕೂ ಅವನ ಕೈ ಅಂಥ ಕೈಯಲ್ಲ. ಮೊದಲು ಸೊಲ್ಲಾಪುರ ರಸ್ತೆಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮಲ್ಲಿಕಸಾಬನ ಗ್ಯಾರೇಜಿಗೆ ಒಯ್ದ. ಮಲ್ಲಿಕಸಾಬ ಕಾರಿಗೆ ಹೊಡೆದ ಹಾಗೆಯೇ ಹೊಡೆದುಕೊಟ್ಟ. ಬಾಗಿಲ ಸಂದು, ಜಾಲರಿ, ಮೆಟ್ಟಿಲು ಎಲ್ಲ ಬಣ್ಣದಲ್ಲಿ ಮುಳುಗಿ ಎಂಜಿನ್ನು ಬೆಲ್ಲದ ಅಚ್ಚಿನಂತಾಗಿ ಮನೆಗೆ ಬಂತು. ಮತ್ತೆ ಸ್ಪಿರಿಟ್ಟು, ಮತ್ತೆ ತಿಕ್ಕಾಟ. ಎರಡನೇ ಸಲ ತಾನೇ ಸಣ್ಣ ಸ್ಪ್ರೇ ತರಿಸಿ ಬಣ್ಣ ಹೊಡೆದ. ಅದು ಪರವಾಗಿರಲಿಲ್ಲ. ಆಮೇಲೆ ತುಕ್ಕು ಹಚ್ಚಲು ಶುರುಮಾಡಿದ.

ತುಕ್ಕೆಂದರೆ ಅವನಿಗೆ ಎಲ್ಲಿಲ್ಲದ ಪ್ರೀತಿ. ಒಂದು ಚುಕ್ಕೆ ಇಟ್ಟರೆ ಇನ್ನೊಂದು ಇಡಬೇಕೆನ್ನಿಸುತ್ತಿತ್ತು. ಪಾರ್ಲರಿನಿಂದ ಒಳಗೆ ಬಂದ ಅನುರಾಧಾ ಒಮ್ಮೆ ನೋಡಿ ನಿಂತಳು.

"ಇದಕ್ಕ ಸಿಡುಬು ಎದ್ದೈತೇನ್ರಿ?"

"ತುಕ್ಕು ಅದು."

"ತುಕ್ಕು ಹಿಂಗ ಮನಸ್ಸಿಗೆ ಬಂದಲ್ಲಿ ಹಿಡಿತೈತೇನು? ನಮ್ಮ ಗೇಟ ನೋಡ್ರಿ ಹೋಗ್ರಿ. ನೀರು ನಿಲ್ಲೂ ಕಡೆ ಹಿಡಿದೈತಿ, ಅಲ್ಲಿಂದ ಕೆಳಗ ಇಳಿದೈತಿ. ಸುಕ್ಕು ಮುಖದ ಮ್ಯಾಲ ಎಲ್ಲಿ ಬೇಕಾದಲ್ಲಿ ಬೀಳತಾವೇನು? ನಗೂ ಕಡೆ, ಸಿಟ್ಟಿಗೇಳೂ ಕಡೆ ಬೀಳತಾವ. ಗಲ್ಲದ ನಟ್ಟನಡುವ ಬೀಳಂಗಿಲ್ಲ."

ಸಿದ್ದಲಿಂಗೇಶ ಬ್ರಶ್ಶು ಕೆಳಗಿಟ್ಟ. ಅವನಿಗೂ ಸಾಕಾಗಿತ್ತು. "ಹಂಗಾರ ನೀನ ಒಮ್ಮಿ ಬಂದು ಖರೇ ಎಂಜಿನ್ ನೋಡು. ಆಮ್ಯಾಲ ಹೇಳು."

ಗಂಡನ ಬಾಯಿ ಮುಚ್ಚಿಸಬೇಕೆಂಬ ಒಂದೇ ಕಾರಣಕ್ಕೆ ಅವಳು ಹೋದಳು. ಸ್ಟೇಶನ್ನಿನಲ್ಲಿ ಆ ಕೇಸರಿ ಎಂಜಿನ್ನು ಗೂಡ್ಸಿನ ತಲೆಗೆ ನಿಂತಿತ್ತು, ಸಿಗ್ನಲ್ಲಿಗೆ ಕಾಯುತ್ತ. ಸಿದ್ದಲಿಂಗೇಶ ಫೋನು ತೆಗೆದು ಫೋಟೋ ಹೊಡೆಯುತ್ತ ಓಡಾಡಿದ. ಅನುರಾಧಾ ಓಡಾಡಲಿಲ್ಲ. ಕುರ್ಚಿಗೆ ಬಂದು ಕೂತ ಹೆಣ್ಣಿನ ಮುಖವನ್ನು ನೋಡುವ ಹಾಗೆ ಒಂದು ಕಡೆ ನಿಂತು ನೋಡಿದಳು. ಹೊಗೆ ಬರುವ ಬಾಯಿಯ ಸುತ್ತ ಮಸಿ ಕಪ್ಪಗೆ ಕೂತು, ಹಿಂದಕ್ಕೆ ಹೋದಂತೆ ತೆಳ್ಳಗಾಗಿತ್ತು. ಮೇಲ್ಗಡೆಯ ಕೇಸರಿ ಬಿಸಿಲಿಗೆ ಬಿಳಚಿಕೊಂಡಿತ್ತು, ಕೆಳಗಿನದು ಇನ್ನೂ ಬಣ್ಣ ಉಳಿಸಿಕೊಂಡಿತ್ತು. ಗಾಲಿಗಳ ಹತ್ತಿರ ಬ್ರೇಕು ಸವೆದ ಕಂದು ಪುಡಿ, ಅದರ ಮೇಲೆ ನಮ್ಮ ಎರೆಹೊಲದ ಬೂದು ಧೂಳು. ಎಣ್ಣೆ ತುಂಬುವ ಕಡೆ ಒದ್ದೆ ಕಲೆ. ಡ್ರೈವರ್ ಹತ್ತುವಾಗ ಹಿಡಿಯುವ ಸಲಾಕೆ ಮಾತ್ರ ಬಣ್ಣ ಹೋಗಿ ಫಳಫಳ ಅನ್ನುತ್ತಿತ್ತು. ತುಕ್ಕು ಎಲ್ಲೋ ಮೆಟ್ಟಿಲ ಅಂಚಿನಲ್ಲಿ ಒಂದಿಷ್ಟು ಇತ್ತು, ಅಷ್ಟೆ.

"ಇಷ್ಟು ಸಲ ಬಂದು ನೀವು ಇಲ್ಲಿ ನೋಡಿದ್ದಾದ್ರೂ ಏನು?" ಅಂದಳು.

ಮರುದಿನದಿಂದ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಎಂಜಿನ್ನು ಪಾರ್ಲರಿನ ಮೇಜಿಗೆ ಬಂತು. ಗಂಡನ ಸಿಡುಬನ್ನು ಅವಳು ಮೊದಲು ಒರೆಸಿ ತೆಗೆದಳು. ಕೇಸರಿಗೆ ತುಸು ಕೆನೆ ಬಣ್ಣ ಬೆರೆಸಿ ಮೇಲ್ಗಡೆ ಬಿಳಚಿಸಿದಳು. ಕಣ್ಣ ರೆಪ್ಪೆಗೆ ಹೊಗೆಬಣ್ಣ ಹಚ್ಚುವ ಮೆತ್ತನೆಯ ಬ್ರಶ್ಶಿನಿಂದ ಮಸಿ ಕೂರಿಸಿದಳು. ಆ ಹೊಗೆಗಣ್ಣಿನ ಫ್ಯಾಶನ್ನೆಂದರೆ ಅವಳಿಗೆ ಆಗುತ್ತಿರಲಿಲ್ಲ, ಈಗ ಅದು ಇರಬೇಕಾದ ಜಾಗದಲ್ಲಿ ಇದೆ ಅಂದುಕೊಂಡಳು. ಧೂಳನ್ನು ಸ್ಪಂಜಿನಿಂದ ತಟ್ಟಿದಳು. ಸಲಾಕೆಯನ್ನು ಬೆರಳಿನಿಂದಲೇ ತಿಕ್ಕಿ ಹೊಳಪು ಬರಿಸಿದಳು. ಇದೆಲ್ಲ ಮಾಡುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಬೆಳೆದ ಗಂಡಸರಿಗೆ ಇದೊಂದು ಕಸುಬೇ, ಇದನ್ನು ನೋಡಲು ಊರೂರಿಂದ ಬರುವವರಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದು ಬೈಯುತ್ತಲೇ ಮಾಡಿದಳು. ಅತ್ತೆ ಊಟಕ್ಕೆ ಕರೆದರೆ ಮಾತ್ರ ಕೇಳಿಸುತ್ತಿರಲಿಲ್ಲ.

ಮುಗಿಯುವ ಹೊತ್ತಿಗೆ ಸಿದ್ದಲಿಂಗೇಶ ಮೆಲ್ಲಗೆ ಕೇಳಿಕೊಂಡ, "ಮುಂಭಾಗದಾಗ ಒಂದು ತುಕ್ಕು ಇರಲೇಳು. ನಾ ಮಾಡತೀನಿ."

"ಮಾಡ್ರಿ. ಇಲ್ಲಂದ್ರ ನಿಮಗ ನಿದ್ದಿ ಬರಂಗಿಲ್ಲ."

ಅವನು ಮೂತಿಯ ಮೇಲೆ, ನೀರು ಎಂದೂ ನಿಲ್ಲದ ಸಪಾಟು ಜಾಗದಲ್ಲಿ, ಕಿರುಬೆರಳಿನ ಉಗುರಿನಷ್ಟು ತುಕ್ಕು ಬರೆದ. ಅವಳು ನೋಡಿ ಮುಖ ತಿರುಗಿಸಿದಳು.

ತಿಕೋಟಾದಲ್ಲಿ ಆ ಭಾನುವಾರ ಬಸಗೊಂಡಪ್ಪನ ಕೋಣೆ ತುಂಬಿತ್ತು. ಒಣದ್ರಾಕ್ಷಿಯ ಹುಳಿಸಿಹಿ ವಾಸನೆ ಇನ್ನೂ ಹೋಗಿರಲಿಲ್ಲ. ಹೆಂಗಸರು ಒಳಗೆ ಚುರುಮುರಿ ನೆನೆಸಿ ಸೂಸಲಾ ಕಲಸಿ ತಾಟಿಗೆ ಹಾಕುತ್ತಿದ್ದರು. ಅನುರಾಧಾ ತಾಟು ಹಿಡಿದು ಹೊರಗೆ ಬಂದಾಗ ಅವಳ ಎಂಜಿನ್ನು ಸುತ್ತು ಹೊಡೆದು ಬಂದು ನಿಂತಿತ್ತು. ಸೊಲ್ಲಾಪುರದ ಚಂದ್ರಕಾಂತ ಭೂತಗನ್ನಡಿ ಹಿಡಿದು ಬಗ್ಗಿದ್ದ. ಗುಂಪಿನಲ್ಲಿ ಯಾವುದು ಛಲೋ, ಯಾವುದು ಕೆಟ್ಟದ್ದು ಅನ್ನುವುದು ಚಂದ್ರಕಾಂತ ಹೇಳಿದ ಮೇಲೆಯೇ ಉಳಿದವರಿಗೆ ತಿಳಿಯುತ್ತಿತ್ತು.

"ಏನ್ ಕೈ ಐತ್ರಿ ಸಿದ್ದಲಿಂಗೇಶ ನಿಮ್ಮದು," ಅಂದ ಆತ. "ಈ ಮೂತಿ ಮ್ಯಾಲಿನ ತುಕ್ಕು ನೋಡ್ರಿ ಎಲ್ಲಾರೂ. ಇಡೀ ಎಂಜಿನ್ನಿಗೆ ಜೀವ ಬಂದಿದ್ದ ಇದರಿಂದ."

ಎಲ್ಲರೂ ಬಗ್ಗಿ ತುಕ್ಕನ್ನೇ ನೋಡಿದರು. ಹೌದ್ಹೌದು ಅಂದರು. ಸಿದ್ದಲಿಂಗೇಶ ಕೈ ಮುಗಿದು ನಕ್ಕ.

ತನ್ನ ಹೆಸರು ಹೇಳಲಿಲ್ಲವೆಂದು ಅನುರಾಧಾಳಿಗೆ ಸಿಟ್ಟು ಬರಲಿಲ್ಲ. ಇಂಥವರು ಹೊಗಳಿದರೆಷ್ಟು, ಬಿಟ್ಟರೆಷ್ಟು. ಆದರೆ ಆ ಇಡೀ ಎಂಜಿನ್ನಿನಲ್ಲಿ ಸುಳ್ಳಾಗಿದ್ದ ಒಂದೇ ಒಂದು ಜಾಗವನ್ನು ಇವರೆಲ್ಲ ಹುಡುಕಿ ಹುಡುಕಿ ಮೆಚ್ಚಿದ್ದು ಅವಳಿಗೆ ತಡೆಯದಾಯಿತು. ತಾಟನ್ನು ಬಸಗೊಂಡಪ್ಪನ ಗುಡ್ಡದ ಪಕ್ಕ ಇಟ್ಟಳು.

"ಅದೊಂದ ಕೆಟ್ಟೈತ್ರಿ ಅದರಾಗ," ಅಂದಳು. "ಅಲ್ಲಿ ನೀರು ನಿಲ್ಲಂಗಿಲ್ಲ, ತುಕ್ಕು ಹೆಂಗ ಹಿಡಿತೈತಿ?"

ಚಂದ್ರಕಾಂತ ಭೂತಗನ್ನಡಿ ಇಳಿಸಿ ನಗುತ್ತ ಕೇಳಿದ, "ವೈನಿ, ನಿಮಗ ಇದರಾಗಿಂದು ಹೆಂಗ ಗೊತ್ತು?"

"ನಾ ಮಾಡೀನಿ. ತುಕ್ಕೊಂದು ಬಿಟ್ಟು." ಆಮೇಲೆ ಪಕ್ಕದಲ್ಲಿದ್ದ ಅವನ ನೀಲಿ ಎಂಜಿನ್ನಿನ ಕಡೆ ಕೈ ತೋರಿಸಿದಳು. "ಇದು ನಿಮ್ಮದೇನ್ರಿ? ಇದು ಹಳಿ ಮ್ಯಾಲ ಓಡಿದ್ದಲ್ಲ. ಹಿಟ್ಟಿನ ಗಿರಣ್ಯಾಗ ನಿಂತಿದ್ದು. ಮ್ಯಾಲೂ ಅಷ್ಟ ಧೂಳು, ಕೆಳಗೂ ಅಷ್ಟ ಧೂಳು."

ಬಸಗೊಂಡಪ್ಪ ಸಿದ್ದಲಿಂಗೇಶನ ಕಡೆ ತಿರುಗಿದ. "ಖರೇ ಏನೋ?"

"ಖರೇರಿ," ಅಂದ ಸಿದ್ದಲಿಂಗೇಶ. ಅವನ ಕಿವಿ ಕೆಂಪಗಾಗಿದ್ದವು. ಅನುರಾಧಾ ತಾಟು ಎತ್ತಿಕೊಂಡು ಉಳಿದವರಿಗೆ ಸೂಸಲಾ ಕೊಟ್ಟು ಒಳಗೆ ಹೋದಳು.

ಇಬ್ಬರೂ ಬೈಕಿನ ಮೇಲೆ ಊರಿಗೆ ಹೊರಟರು. ಎರಡೂ ಕಡೆ ದ್ರಾಕ್ಷಿ ತೋಟಗಳು ಮುಗಿದು ಊರು ಕಾಣುವ ಹೊತ್ತಿಗೆ ಸಿದ್ದಲಿಂಗೇಶ ಅಂದ, "ನಾನ ಮೊದಲ ಹೇಳಬೇಕಾಗಿತ್ತು."

"ಹೌದು."

"ತುಕ್ಕು ಛಲೋ ಐತಿ ಅಂದ್ರಲ್ಲ, ನನಗ ಅಷ್ಟ ಕೇಳಿಸ್ತು. ಇಲ್ಲೀತನಕ ನಾ ಮಾಡಿದ್ದನ್ನ ಯಾರೂ ಛಲೋ ಐತಿ ಅಂದಿದ್ದಿಲ್ಲ."

ಎದುರಿಗೆ ಒಂದು ಬಸ್ಸು ಬಂದು ದಾಟಿ ಹೋದ ಮೇಲೆ, "ಮುಂದ ನೋಡಿ ಗಾಡಿ ಹೊಡೀರಿ" ಅಂದಳು.

ಆ ವಾರವೇ ಬಸಗೊಂಡಪ್ಪ ತನ್ನ ಉಳಿದ ಎಂಜಿನ್ನುಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿ ಕಳಿಸಿದ. ಹುಬ್ಬಳ್ಳಿಯವರದೂ ಬಂದವು. ಫೋಟೋ ನೋಡಿ ಮಾಡುವುದಿಲ್ಲ, ಯಾವ ಎಂಜಿನ್ನಿನ ಹಾಗೆ ಬೇಕೋ ಅದನ್ನು ಕಣ್ಣಾರೆ ನೋಡಬೇಕು ಅಂದಳು. ನೋಡಲಾಗದ್ದನ್ನು ತಿರುಗಿ ಕಳಿಸಿದಳು. ಮಳೆಗಾಲದಲ್ಲಿ ಹೆಸರಿಲ್ಲದ ಒಂದು ಪಾರ್ಸಲ್ ಸೊಲ್ಲಾಪುರದಿಂದ ಬಂತು. ತೆರೆದರೆ ಗಿರಣಿಯ ಧೂಳು ಮೆತ್ತಿದ ಆ ನೀಲಿ ಎಂಜಿನ್ನು. ಚಂದ್ರಕಾಂತನಿಗೆ ತನ್ನ ಹೆಸರು ಬರೆಯುವ ಧೈರ್ಯ ಸಾಲಲಿಲ್ಲವೆಂದು ಅವಳು ಒಂದು ವಾರ ಅತ್ತೆಗೆ ಹೇಳಿ ಹೇಳಿ ನಕ್ಕಳು. ಆಮೇಲೆ ಅದನ್ನು ತೊಳೆದು, ಉಳಿದವುಗಳಿಗಿಂತ ಹೆಚ್ಚು ಮುತುವರ್ಜಿಯಿಂದ ಮಾಡಿ ಕಳಿಸಿದಳು.

ಸಿದ್ದಲಿಂಗೇಶನಿಗೆ ಈಗ ತುಕ್ಕು ಹಚ್ಚುವ ಅಪ್ಪಣೆಯಿಲ್ಲ. ಆದರೆ ಎಂಜಿನ್ನಿನ ನಂಬರು, ಅಕ್ಕಿಕಾಳಿಗಿಂತ ಸಣ್ಣ ಅಕ್ಷರಗಳ ಸ್ಟಿಕ್ಕರುಗಳನ್ನು ಕೂದಲೆಳೆ ಆಚೀಚೆಯಾಗದಂತೆ ಕೂರಿಸುವುದು ಅವನ ಪಾಲು. ಆ ಕೆಲಸದಲ್ಲಿ ಅವನ ಕೈ ನಡುಗುವುದಿಲ್ಲ. ಅವನು ಮುಗಿಸಿ ಮುಂದಿಟ್ಟಾಗ ಅವಳು ಬೆಳಕಿಗೆ ಹಿಡಿದು ನೋಡುತ್ತಾಳೆ, ತಪ್ಪು ಸಿಗದಿದ್ದರೆ ಏನೂ ಅನ್ನದೆ ಡಬ್ಬಿಯಲ್ಲಿಡುತ್ತಾಳೆ. ಅದು ಶಾಬಾಸ್‌ಗಿರಿ ಎಂಬುದು ಅವನಿಗೆ ತಿಳಿಯಲು ಕೆಲವು ತಿಂಗಳು ಹಿಡಿಯಿತು.

ಈಚೆಗೆ ಈ ಮಾರ್ಗಕ್ಕೆ ಕರೆಂಟಿನ ಎಂಜಿನ್ನುಗಳು ಬಂದಿವೆ. ಅನುರಾಧಾಳಿಗೆ ಅವು ಸರಿಬರಲಿಲ್ಲ. ಹೊಗೆಯಿಲ್ಲ, ಮಸಿಯಿಲ್ಲ, ಆಸ್ಪತ್ರೆಯ ಕಪಾಟಿನ ಹಾಗೆ ಇವೆ, ಇವುಗಳಲ್ಲಿ ಮಾಡುವಂಥದ್ದೇನಿದೆ ಅಂದಳು. ಹಾಗೆ ಅನ್ನುತ್ತಲೇ ಒಂದು ಸಂಜೆ ಗಂಡನ ಜೊತೆ ಸ್ಟೇಶನ್ನಿನ ಮೇಲ್ಸೇತುವೆ ಹತ್ತಿದಳು. ಕೆಳಗೆ ಒಂದು ಗಾಡಿ ಬಂದು ನಿಂತಿತು. ಮೇಲಿನಿಂದ ನೋಡಿದರೆ ಎಂಜಿನ್ನಿನ ನೆತ್ತಿಯ ತುಂಬ ನುಣ್ಣಗಿನ ಕಪ್ಪು ಪುಡಿ, ಮೇಲಿನ ಕರೆಂಟಿನ ತಂತಿ ತಿಕ್ಕಿ ತಿಕ್ಕಿ ಉದುರಿದ್ದು, ನಡುವೆ ದಟ್ಟವಾಗಿ ಅಂಚಿಗೆ ಬೂದಿಯಾಗಿ ಹರಡಿತ್ತು. ಅವಳು ಕಂಬಿಗೆ ಒರಗಿ ಬಗ್ಗಿದಳು.

"ಎಲ್ಲಾರೂ ಕೆಳಗ ನಿಂತು ಮೂತಿ ನೋಡಿ ಹೋಗತಾರ," ಅಂದಳು. "ನೆತ್ತಿ ಒಬ್ಬನೂ ನೋಡಿಲ್ಲ. ಮಂದಿಗೆ ಕಣ್ಣ ಇಲ್ಲರಿ."

ಸಿದ್ದಲಿಂಗೇಶ ಕಿಸೆಯಿಂದ ಫೋನು ತೆಗೆದ. ಅವಳು ಅವನ ಕೈಯನ್ನು ಕೆಳಗೆ ಒತ್ತಿದಳು.

"ಫೋಟೋ ಬ್ಯಾಡ. ನೋಡ್ರಿ."