ಗಡ್ಡಿಗೆ ತಂದ ತವರುಮಣ್ಣು

ಹೊಳೆಯ ನಡುವಿನ ನೆಲಕ್ಕೆ ನಮ್ಮ ಕಡೆ ಗಡ್ಡಿ ಅಂತಾರೆ. ನನ್ನನ್ನು ಕೊಟ್ಟದ್ದು ಅಂಥದೊಂದು ಗಡ್ಡಿಗೆ. ಗಂಗಾವತಿ ಸೀಮೆಯಲ್ಲಿ ತುಂಗಭದ್ರೆ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ, ಬಂಡೆಗಳ ಮೇಲೆ ಹತ್ತಿಪ್ಪತ್ತು ಮನೆ. ನನ್ನ ತವರು ಕುಕನೂರಿನ ಹತ್ತಿರ, ಎರೆಮಣ್ಣಿನ ಊರು. ಅಲ್ಲಿ ನೀರು ಅಂದರೆ ಹರದಾರಿ ದೂರದ ಬಾವಿ. ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲಿ ಪಾತ್ರೆ ತೊಳೆದ ನೀರನ್ನೂ ಗಡಿಗೆಯಲ್ಲಿ ಹಿಡಿದು ಮುಚ್ಚಿಡುತ್ತಿದ್ದೆ. ಅತ್ತೆ ಅದನ್ನು ಕಂಡು ಓಣಿಯ ಹೆಂಗಸರನ್ನೆಲ್ಲ ಕರೆದರು.

"ನೋಡ್ರಬೇ, ಸುತ್ತೂಕಡೆ ಹೊಳಿ ಹರಿಯಾಕ ಹತ್ತೈತಿ, ನಮ್ಮ ಸೊಸಿ ಮುಸುರಿ ನೀರಿಗೆ ಕಾವಲ ಕುಂತಾಳ."

ಗಡ್ಡಿಯಲ್ಲಿ ಕೊರತೆಯಿದ್ದದ್ದು ನೀರಿಗಲ್ಲ, ಮಣ್ಣಿಗೆ. ಮೊಳ ಅಗೆದರೆ ಹಾರೆಗೆ ಕಲ್ಲು ಬಡಿಯುತ್ತಿತ್ತು. ಅದಕ್ಕೇ ಅಲ್ಲೊಂದು ಪದ್ಧತಿ ಇತ್ತು. ಗಡ್ಡಿಗೆ ಹೆಣ್ಣು ಕೊಟ್ಟವರು ಬೇಸಿಗೆಯಲ್ಲಿ ಮಗಳನ್ನು ನೋಡಲು ಬರುವಾಗ ಕೈಲಾದಷ್ಟು ಮಣ್ಣು ತರಬೇಕು. ಹಿತ್ತಲುಗಳೆಲ್ಲ ಎದ್ದದ್ದು ಹಾಗೆ. ಒಂದು ಮನೆಯಲ್ಲಿ ಬದನೆ ಬೆಳೆಯುವುದು ಹುಲಿಹೈದರದ ಮಣ್ಣಿನಲ್ಲಿ, ನಮ್ಮಲ್ಲಿ ಹೀರೆಬಳ್ಳಿ ಹಬ್ಬುವುದು ಅತ್ತೆಯ ತವರಿನ ಕೆಂಪುಮಣ್ಣಿನಲ್ಲಿ. ಪ್ರತಿ ಮಡಿಗೂ ಒಬ್ಬ ಸೊಸೆಯ ಊರಿನ ಹೆಸರು. ನನ್ನ ಅಣ್ಣ ವರ್ಷವರ್ಷ ಬಂಡಿಯಲ್ಲಿ ಜೋಳದ ಜೊತೆ ಎರೆಮಣ್ಣಿನ ಚೀಲ ಹೇರಿಕೊಂಡು ದಂಡೆಗೆ ಬಂದು, ಅಲ್ಲಿಂದ ಹೊತ್ತು ತರುತ್ತಿದ್ದ.

"ಬಂಗಾರ ಹಾಕ್ರಿ ಅಂದ್ರ ಮಣ್ಣು ಹಾಕತಾರ ನೋಡು, ನಿಮ್ಮ ಕಡೇವರು," ಎಂದು ಅತ್ತೆ ಅವನಿಗೆ ಕೇಳುವ ಹಾಗೇ ನನಗೆ ಹೇಳುವರು.

"ಬಂಗಾರದಾಗ ಬದನಿಕಾಯಿ ಬಿಡಾಂಗಿಲ್ರಿ ಯವ್ವಾ," ಅನ್ನುವನು ಅಣ್ಣ. ಅತ್ತೆ ನಗು ಕಾಣಬಾರದೆಂದು ಸೆರಗು ಅಡ್ಡ ಹಿಡಿಯುತ್ತಿದ್ದರು.

ಇನ್ನೊಂದು ಕಟ್ಟಳೆಯೂ ಇತ್ತು. ಗಡ್ಡಿಯ ಮಣ್ಣಿನಲ್ಲಿ ಯಾರನ್ನೂ ಹೂಳುವಂತಿಲ್ಲ. ಇದ್ದದ್ದೇ ಅಷ್ಟು ಮಣ್ಣು. ಹೊಳೆ ಏರಿದರೆ ನೆಲ ಕೊರೆದು ಹೆಣ ಹೊರಗೆ ಹಾಕುತ್ತದೆ ಎಂದು ಹಿರಿಯರು ಮಾಡಿದ್ದು. ಸತ್ತವರನ್ನು ಹರಿಗೋಲಿನಲ್ಲಿ ದಂಡೆಗೆ ಒಯ್ದು ಅಲ್ಲಿ ಮಣ್ಣು ಮಾಡುತ್ತಿದ್ದರು.

ನನಗೆ ಒಬ್ಬಳೇ ಮಗಳು. ಭಾಳ ಹರಕೆಯ ಮೇಲೆ ಹುಟ್ಟಿದ ಕೂಸು. ಹಿತ್ತಲಿನ ಎರೆಮಣ್ಣಿನ ಮಡಿಯೇ ಆಕೆಯ ಆಟದ ಜಾಗ. ಒದ್ದೆ ಎರೆ ಅಂಗಾಲಿಗೆ ದಪ್ಪಗೆ ಮೆತ್ತಿಕೊಳ್ಳುತ್ತದಲ್ಲ, ಹಾಗೆ ಮೆತ್ತಿಸಿಕೊಂಡು ಅಡಿಗೆಮನೆಯ ತನಕ ಬಂದು, "ಅವ್ವಾ, ನನ್ನ ಚಪ್ಪಲಿ," ಎಂದು ಕಾಲೆತ್ತಿ ತೋರಿಸುವಳು. ಸಾರಿಸಿದ ನೆಲ ಹಾಳಾಯಿತೆಂದು ಬೈಯುತ್ತಿದ್ದೆ.

ಆ ವರ್ಷ ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುವಾಗ ಆಕೆಗೆ ಜ್ವರ ಬಂತು. ದಂಡೆಯಲ್ಲಿ ಹಕೀಮರಿದ್ದರು, ದಾಟುವುದೆಲ್ಲಿಂದ? ಕಷಾಯ ಕುಡಿಸಿದೆ. ವಿಭೂತಿ ಹಚ್ಚಿ ಶಿವನ ಮುಂದೆ ಮಲಗಿಸಿದೆ. ಬೆಳಕು ಹರಿಯುವಾಗ ಹೋದಳು. ಹೋಗುವ ಮೊದಲು ಕಣ್ಣು ತೆರೆದು ನೀರು ಕೇಳಿದಳು. ನನ್ನ ಕೈಯಿಂದಲೇ ಕುಡಿದಳು. ಅಷ್ಟನ್ನು ಆ ತಂದೆ ಶಿವ ನಡೆಸಿಕೊಟ್ಟ.

ಅಂಬಿಗ ಬಂದು ಹೊಳೆಯನ್ನು ನೋಡಿ ತಲೆಯಾಡಿಸಿದ. "ಯವ್ವಾ, ಹರಿಗೋಲು ಬುಗುರಿ ತಿರುಗಿದಂಗ ತಿರುಗತೈತಿ. ಕೂಸಿನ ಸಂಗಾಟ ಹೊತ್ತವರೂ ಹೋಗತಾರ."

ಇಳಿಯಲಿ ಎಂದು ಕಾದರು. ಮರುದಿನವೂ ಹೊಳೆ ಇಳಿಯಲಿಲ್ಲ. ಇನ್ನು ಕಾಯುವಂತಿರಲಿಲ್ಲ. ಹೊಳೆಗೇ ಬಿಟ್ಟರಾಯಿತು ಎಂದು ಗಂಡಸರು ಕಟ್ಟೆಯ ಮೇಲೆ ಮಾತು ತೆಗೆದರು. ಕೂಸು ನನ್ನ ಮಡಿಲಲ್ಲೇ ಇತ್ತು. ಬಾಯಿ ಬಂದದ್ದು ಅತ್ತೆಗೆ. ಎಂದೂ ಕಟ್ಟೆಯ ಹತ್ತಿರ ಸುಳಿಯದವರು ಹೋಗಿ ಮಾವನ ಎದುರು ನಿಂತರು.

"ಗಡ್ಡಿ ಮಣ್ಣಾಗ ಹೂಳಬಾರದು ಅಂತ ಹೌದಲ್ಲೋ ನಿಮ್ಮ ಕಟ್ಟಳಿ? ಹಿತ್ತಲದಾಗಿನ ಎರಿ ಗಡ್ಡೀದಲ್ಲ. ನಮ್ಮ ಸೊಸಿ ತವರಿಂದು. ಅದರಾಗ ಇಡ್ರಿ."

"ಇದು ಯಾರ ಮಣ್ಣು ಅಂತ ಹೊಳಿ ಕೇಳತೈತೇನು?" ಅಂದರು ಮಾವ.

"ಹೊಳಿಗೆ ನಾ ಹೇಳತೀನಿ. ನೀವು ಏಳ್ರಿ."

ಎದ್ದರು. ವರ್ಷವರ್ಷ ಮಣ್ಣು ಬಿದ್ದು ಆ ಮಡಿ ದಿಬ್ಬದಂತೆ ಎದ್ದಿತ್ತು. ಆ ಚಿಕ್ಕ ಮೈಗೆ ಸಾಕಾಯಿತು. ಅಷ್ಟು ಹೊತ್ತು ಮಳೆಯೂ ನಿಂತಿತು. ಗಂಡ ಸುತ್ತಲೂ ಕಲ್ಲು ಕಟ್ಟಿದರು. ಆಮೇಲೆ ದಿನಾ ಸಂಜೆ ಅಲ್ಲೊಂದು ದೀಪ ಇಡುತ್ತಿದ್ದೆ. ಗಡ್ಡಿಯ ಬೇರೆ ತಾಯಂದಿರು ತಮ್ಮ ಮಕ್ಕಳನ್ನಿಟ್ಟ ಜಾಗ ನೋಡಬೇಕೆಂದರೆ ಅಂಬಿಗನ ದಾರಿ ಕಾಯಬೇಕು. ನನಗೆ ಒಲೆಯ ಮುಂದೆ ಕುಳಿತಲ್ಲಿಂದಲೇ ಕಾಣುತ್ತಿತ್ತು. ಅದೂ ಒಂದು ದಯೆಯೇ.

ಕೆಲವು ವರ್ಷಕ್ಕೆ ಗಲಾಟೆಯ ಕಾಲ ಬಂತು. ಈ ದಂಡೆ ನಿಜಾಮರದು, ಆ ದಂಡೆ ಹಿಂದೂಸ್ತಾನದ್ದು. ಜನ ಹೊಳೆ ದಾಟಿ ಓಡಿಹೋಗುತ್ತಾರೆಂದು ನಿಜಾಮರ ಬಂದೂಕಿನವರು ಬಂದು ಹರಿಗೋಲುಗಳನ್ನೆಲ್ಲ ಎಳೆದೊಯ್ದರು. ಅವಿಲ್ಲದೆ ಮಳೆಗಾಲ ಹೇಗೆ ಕಳೆಯುವುದು? ಉಪ್ಪು ಬರುವುದಿಲ್ಲ, ಸೂಲಗಿತ್ತಿ ಬರುವುದಿಲ್ಲ. ಹೊಳೆ ಏರುವ ಮೊದಲೇ ಮನೆಗಳು ಒಂದೊಂದಾಗಿ ದಂಡೆಗೆ ಹೊರಟವು. ಬೇಸಿಗೆಯಲ್ಲಿ ನೀರು ತೆಳುವಾದಾಗ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಬಹುದಿತ್ತು. ಸಾಮಾನು ಹಾಗೇ ಹೊತ್ತೆವು.

ಹೊರಡುವಾಗ ಸೊಸೆಯರೆಲ್ಲ ತಮ್ಮ ತಮ್ಮ ಮಡಿಯ ಮಣ್ಣು ಒಂದಿಷ್ಟು ಬುಟ್ಟಿಗೆ ತುಂಬಿಕೊಂಡರು. ನಾನೂ ಸಲಿಕೆ ಹಿಡಿದು ಹಿತ್ತಲಿಗೆ ಹೋದೆ. ಗಂಡ ಹಿಂದೆಯೇ ಬಂದು ಸಲಿಕೆಯನ್ನು ಮೆಲ್ಲಗೆ ಬಿಡಿಸಿಕೊಂಡರು.

"ಬ್ಯಾಡ. ಮಲಗ್ಯಾಳ."

ಬರಿ ಬುಟ್ಟಿಯನ್ನೇ ತಲೆಯ ಮೇಲಿಟ್ಟುಕೊಂಡು ಬಂದೆ.

ಮುಂದಿನ ಬೇಸಿಗೆಗೆ ಗಲಾಟೆ ಅಡಗಿತ್ತು. ಅಣ್ಣ ದಂಡೆಯ ಹೊಸ ಮನೆಗೆ ಬಂದ, ರೂಢಿಯಂತೆ ಎರೆಮಣ್ಣಿನ ಚೀಲದ ಜೊತೆ. ದಂಡೆಯಲ್ಲಿ ಮಣ್ಣಿಗೇನು ಬರ ಎಂದು ನೆರೆಯವರು ನಕ್ಕರು. ಅತ್ತೆ ನಗಲಿಲ್ಲ. ಬುಟ್ಟಿಗೆ ಮಣ್ಣು ಸುರಿಸಿ ನನ್ನ ತಲೆಯ ಮೇಲೆ ಹೊರಿಸಿ, "ನಡಿ, ಕೂಸಿಗೆ ಹಾಕಿ ಬರೂಣು," ಅಂದರು. ಅವರಿಗೆ ಆಗಲೇ ಕಣ್ಣು ಮಂಜಾಗಿತ್ತು. ಕೈಹಿಡಿದು ಬಂಡೆ ದಾಟಿಸಿದೆ.

ಮನೆಯ ಗೋಡೆ ಅರ್ಧ ನಿಂತಿತ್ತು. ಹಿತ್ತಲಿರಲಿಲ್ಲ. ಗಂಡ ಕಟ್ಟಿದ ಕಲ್ಲೂ ಇರಲಿಲ್ಲ. ಮಗಳನ್ನಿಟ್ಟ ಕಡೆ ತೊಳೆದಿಟ್ಟಂಥ ಬಂಡೆ, ಬಿಸಿಲಿಗೆ ಕಾದಿತ್ತು. ನಾನು ಬುಟ್ಟಿ ಇಳಿಸಿ ಕುಳಿತೆ. ಅತ್ತೆಯೂ ಕುಳಿತು ಅಂಗೈಯಿಂದ ಬಂಡೆಯನ್ನು ಆ ಕಡೆಯಿಂದ ಈ ಕಡೆಗೆ ತಡವಿದರು.

"ಹೇಳಿದ್ದೆ ನಾ ಹೊಳಿಗೆ," ಅಂದರು. "ಕೇಳಲಿಲ್ಲ."

"ಮಣ್ಣು ತಿರುಗಿ ಒಯ್ಯೂಣೇನ್ರಿ, ಅತ್ತಿ?"

"ಯಾಕ? ಇಲ್ಲೇ ಸುರಿ. ಮಳಿಗಾಲಕ್ಕ ಹೊಳಿ ಬಂದು ಒಯ್ಯತೈತಿ. ಕೂಸಿನ್ನ ಎಲ್ಲಿ ಇಟ್ಟೈತಿ, ಅದಕ್ಕ ಗೊತ್ತು."

ಸುರಿದೆ. ಅಲ್ಲಿಯ ತನಕ ಗಾಳಿಗೆ ಹಾರಿಹೋಗಬಾರದೆಂದು ಸೆರಗನ್ನು ಹೊಳೆಯಲ್ಲಿ ಅದ್ದಿ ತಂದು ಅದರ ಮೇಲೆ ಹಿಂಡಿದೆ, ಮಣ್ಣು ಕೂರುವ ತನಕ ಮೆಲ್ಲಗೆ ತುಳಿದೆ. ಎರೆ ನನ್ನ ಅಂಗಾಲಿಗೆ ದಪ್ಪಗೆ ಮೆತ್ತಿಕೊಂಡಿತು. ದಾಟುವಾಗ ಕಾಲು ನೀರಿಗೆ ತಾಗದ ಹಾಗೆ ನೋಡಿ ನೋಡಿ ಬಂಡೆಯ ಮೇಲೇ ಹೆಜ್ಜೆಯಿಟ್ಟೆ. ನನ್ನ ಕೈಹಿಡಿದು ಬರುತ್ತಿದ್ದ ಅತ್ತೆಯೂ ತಮ್ಮ ಹೆಜ್ಜೆ ನಿಧಾನ ಮಾಡಿದರು.